ಕೂಲರಿಗೆ ನೀರು ತುಂಬಿದವಳು

ಎರ್ರಿಸ್ವಾಮಿ, ಆ ಬೇಸಿಗೆ ಪೂರ್ತಿ ನಮ್ಮ ಪ್ರಯೋಗಾಲಯದ ಕೂಲರಿಗೆ ಬೆಳಿಗ್ಗೆ ಬೆಳಿಗ್ಗೆ ನೀರು ತುಂಬಿಸಿ ಇಡುತ್ತಿದ್ದವಳು ನಾನು. ನಿನ್ನ ಮೇಲಿನ ಅಕ್ಕರೆಯಿಂದಲ್ಲ. ನಿನ್ನನ್ನು ಹಾಳು ಮಾಡಲಿಕ್ಕೆ.

ಇದನ್ನು ಮೊದಲೇ ಹೇಳಿಬಿಟ್ಟೆ. ಸುತ್ತಿ ಬಳಸಿ ಹೇಳಲು ಹೋದರೆ ದಾರಿಯಲ್ಲೇ ಎಲ್ಲೋ ನಾನು ನುಣುಚಿಕೊಳ್ಳುತ್ತೇನೆ — ನನ್ನ ಬುದ್ಧಿ ನನಗೆ ಪರಿಚಯವಿಲ್ಲದ್ದೇನಲ್ಲ. ನಿನ್ನ ಭತ್ತದ ಹೊಟ್ಟಿನ ಬೂದಿ ಮಾಡಿತು ಎಂದು ಎಲ್ಲರೂ ಕುಣಿದಾಡಿದ ಆ ಪವಾಡವನ್ನು ಮಾಡಿದ್ದು ಕೂಲರಿನ ತೇವದ ಗಾಳಿ. ನೀನು ಅಂಕಿ ತಿದ್ದಿರಲಿಲ್ಲ. ನಿನ್ನ ಕೈಯೂ ತಪ್ಪಿರಲಿಲ್ಲ.

ಇನ್ನು ಮುಂದೆ ನಿನಗೆ ಗೊತ್ತಿರುವುದನ್ನೂ ಬರೆಯಬೇಕಾಗುತ್ತದೆ. ಇದನ್ನು ಮೊದಲು ಓದಬೇಕಾದವನು ನೀನು, ನಿಜ. ಆದರೆ ನೀನೊಬ್ಬನೇ ಓದಿದರೆ ಸಾಲದು. ನಿನ್ನನ್ನು ಸುಳ್ಳ ಎಂದು ನಂಬಿ ಇಷ್ಟು ವರ್ಷ ಓಡಾಡಿಕೊಂಡಿರುವವರೆಲ್ಲ ಓದಬೇಕು. ಅವರಲ್ಲಿ ರಸಾಯನಶಾಸ್ತ್ರದ ಗಂಧ ಇಲ್ಲದವರೂ ಇದ್ದಾರೆ, ಹಾಗಾಗಿ ಸ್ವಲ್ಪ ತಾಳಿಕೋ.

ನಮ್ಮ ಕೆಲಸ ಹೀಗಿತ್ತು. ಭಾರಜಲ ಅಂತ ಒಂದಿದೆ. ಕಣ್ಣಿಗೆ ಸಾದಾ ನೀರೇ, ಆದರೆ ಅದರೊಳಗೆ ಹೈಡ್ರೋಜನ್ ಕೂರಬೇಕಾದ ಜಾಗದಲ್ಲಿ ಅದರದೇ ಒಡಹುಟ್ಟು, ತೂಕ ಜಾಸ್ತಿಯ ಡ್ಯೂಟೀರಿಯಂ ಕೂತಿರುತ್ತದೆ. ಇದರ ಜೊತೆ ಅಸಿಟೋನಿನಂಥ ದ್ರವವನ್ನು ಬೆರೆಸಿ ಇಟ್ಟರೆ ಎರಡರ ನಡುವೆ ಕೊಡುಕೊಳ್ಳುವಿಕೆ ಶುರುವಾಗುತ್ತದೆ — ಅಸಿಟೋನಿನ ಹೈಡ್ರೋಜನ್ ನೀರಿಗೆ ಹೋಗುತ್ತದೆ, ನೀರಿನ ಡ್ಯೂಟೀರಿಯಂ ಅಸಿಟೋನಿಗೆ ಬರುತ್ತದೆ. ಅದರ ಪಾಡಿಗೆ ಬಿಟ್ಟರೆ ತೀರಾ ನಿಧಾನ. ಎಷ್ಟು ಬೇಗ ಆಗುತ್ತದೆ, ಯಾವುದನ್ನು ಸೇರಿಸಿದರೆ ಇನ್ನೂ ಬೇಗ ಆಗುತ್ತದೆ ಎಂದು ಅಳೆಯುವುದೇ ನನ್ನ ವಿಷಯ. ನನ್ನದು ಎಂದು ಬೇಕೆಂತಲೇ ಬರೆದಿದ್ದೇನೆ.

ಅಳೆಯುವುದು ಇನ್ಫ್ರಾರೆಡ್ ಯಂತ್ರದಲ್ಲಿ. ನೀರಿಗೆ ಕರಗದ ಎರಡು ತೆಳು ಬಿಲ್ಲೆಗಳ ನಡುವೆ — ಇದಕ್ಕೆ ಸೆಲ್ ಎನ್ನುತ್ತೇವೆ — ಒಂದು ತೊಟ್ಟು ಹಾಕಿ, ಕಣ್ಣಿಗೆ ಕಾಣದ ಬೆಳಕನ್ನು ಅದರ ಮೂಲಕ ಹಾಯಿಸಿದರೆ ಪರದೆಯ ಮೇಲೆ ಒಂದು ಗೆರೆ ಮೂಡುತ್ತದೆ. ಶುದ್ಧ ಭಾರಜಲವಾದರೆ ಸಾದಾ ನೀರು ಕಾಣಿಸಿಕೊಳ್ಳಬೇಕಾದ ಜಾಗ ಬಯಲಿನ ಹಾಗೆ ಮಟ್ಟಸವಾಗಿರುತ್ತದೆ. ಹೈಡ್ರೋಜನ್ ಬಂದು ಸೇರಿದಂತೆಲ್ಲ ಅಲ್ಲಿ ಒಂದು ಉಬ್ಬು ಏಳುತ್ತದೆ. ಉಬ್ಬು ಏಳುವ ವೇಗವೇ ವಿನಿಮಯದ ವೇಗ. ತೊಂದರೆ ಏನೆಂದರೆ, ಆ ಹೈಡ್ರೋಜನ್ ಅಸಿಟೋನಿನಿಂದ ಬಂದದ್ದೋ ಬೇರೆ ಎಲ್ಲಿಂದಲೋ ಬಂದದ್ದೋ ಎಂಬುದನ್ನು ಆ ಉಬ್ಬು ಹೇಳುವುದಿಲ್ಲ.

ಇದನ್ನು ನಾನು ಕಂಡುಕೊಂಡದ್ದು ನೀನು ನಮ್ಮಲ್ಲಿಗೆ ಸೇರಿದ ಹೊಸದರಲ್ಲಿ. ಬಳ್ಳಾರಿಯ ಬೇಸಿಗೆ — ಕೋಟೆ ಗುಡ್ಡದ ಬಂಡೆಗಳು ಕಾದು ಕಾದು ಸಂಜೆಗೂ ಝಳ ಬಿಡುತ್ತಿದ್ದವು. ನಮ್ಮಿಬ್ಬರ ಪಿಎಚ್‌ಡಿ ಗೈಡ್ ಆಗಿದ್ದ ಸರ್ ತಮ್ಮ ಎಸಿ ಕೋಣೆಯಲ್ಲಿ ತಣ್ಣಗಿದ್ದರು. ನಮಗೆ ಕಿಟಕಿಯಲ್ಲಿ ಕೂರಿಸಿದ ಆ ಹಳೇ ಕೂಲರ್, ಅದರ ಹುಲ್ಲಿನ ಪ್ಯಾಡು, ಅದರ ಗೊರಗೊರ ಸದ್ದು. ಒಂದು ದಿನ ಅದರೆದುರು ಬರೀ ಭಾರಜಲದ ಸೀಸೆಯೊಂದನ್ನು ಬಾಯಿ ತೆರೆದಿಟ್ಟು ಮರೆತಿದ್ದೆ. ಅಸಿಟೋನಿಲ್ಲ, ಮತ್ತೊಂದಿಲ್ಲ. ಆಮೇಲೆ ನೋಡಿದರೆ ಉಬ್ಬು ಎದ್ದಿತ್ತು! ಕೂಲರ್ ಆರಿಸಿ ಮತ್ತೆ ಮಾಡಿದೆ. ಇಲ್ಲ. ಹಾಕಿ ಮಾಡಿದೆ. ಇದೆ. ನಮ್ಮೂರಿನ ಒಣ ಗಾಳಿಯಲ್ಲಿ ಸೀಸೆ ಸ್ವಲ್ಪ ಹೊತ್ತು ತೆರೆದಿದ್ದರೂ ನಡೆಯುತ್ತದೆ; ಕೂಲರಿನ ಗಾಳಿಯಲ್ಲಿ ನಡೆಯುವುದಿಲ್ಲ. ಅದು ತರುವ ತೇವದ ಜೊತೆಗೇ ಭಾರಜಲ ವಿನಿಮಯ ಶುರು ಮಾಡಿಬಿಡುತ್ತದೆ. ಹೊರಗಿನ ದೊಡ್ಡ ಸಂಸ್ಥೆಗಳಲ್ಲಿ ಈ ತಪ್ಪು ಯಾರೂ ಮಾಡಲಾರರು — ಅವರಲ್ಲಿ ಕೂಲರ್ ಎಲ್ಲಿಂದ ಬರಬೇಕು?

ಇದನ್ನು ಪೂರ್ತಿ ಪಕ್ಕಾ ಮಾಡಿಕೊಂಡು ಒಂದೇ ಸಲ ಸರ್ ಮುಂದೆ ಇಟ್ಟು ಶಹಬ್ಬಾಸ್ ಅನ್ನಿಸಿಕೊಳ್ಳಬೇಕು ಎಂದು ಬಚ್ಚಿಟ್ಟುಕೊಂಡೆ. ನಿನಗೆ ಮಾತ್ರ "ಸೀಸೆ ತಗದಾಗ ಕೂಲರ್ ಹಾಕಬ್ಯಾಡಪಾ" ಎಂದಿದ್ದೆ. ಕಾರಣ ಹೇಳಲಿಲ್ಲ. ನೀನು ಕೇಳಲೂ ಇಲ್ಲ. "ಆತಕ್ಕಾ" ಎಂದು ಬೆವರು ಒರೆಸಿಕೊಂಡು ಕೂತೆ. ಆಗ ನೀನು ಅಷ್ಟು ಒಳ್ಳೆಯವನಿದ್ದೆ.

ನಿನಗೆ ಸೆಲ್ ತೊಳೆಯುವುದನ್ನು ಹೇಳಿಕೊಟ್ಟವಳು ನಾನು. ಸಿರಿಂಜ್ ಹಿಡಿಯುವುದನ್ನು, ಯಂತ್ರದ ಮುನಿಸು ತಿಳಿಯುವುದನ್ನು, ಸರ್ ಮುಖ ಕೆಂಪಾದಾಗ ಯಾವ ಬಾಗಿಲಿನಿಂದ ಜಾರಬೇಕು ಎಂಬುದನ್ನೂ. ನನ್ನ ತಮ್ಮನಿಗೂ ಅಷ್ಟು ತಾಳ್ಮೆಯಿಂದ ಏನೂ ಕಲಿಸಿದವಳಲ್ಲ ನಾನು.

ಆಮೇಲೆ ಕುರುಗೋಡಿನಿಂದ ಅಪ್ಪನ ಫೋನು. "ಬಂದು ಹೋಗವ್ವ, ನೋಡಾಕ ಬರ್ತಾರ." ಹೋದೆ. ಬಂದವರು ಹತ್ತಿ ವ್ಯಾಪಾರದವರು, ನಮ್ಮವರೇ, ಒಳ್ಳೆಯ ಮನೆತನ. ಅವರಿಗೆ ನಾನು ಒಪ್ಪಿಗೆಯಾದೆ. ನನಗೆ ಅವರು ಹಾಕಿದ ಷರತ್ತು ಒಪ್ಪಿಗೆಯಾಗಲಿಲ್ಲ — ಓದು ಇಷ್ಟಕ್ಕೇ ನಿಲ್ಲಿಸಬೇಕು. ಮನೆಯಲ್ಲಿ ರಾಮಾಯಣವಾಯಿತು. ಅವ್ವ ಮಾತು ಬಿಟ್ಟಳು. ಅಪ್ಪ ಬಸ್ಸಿಗೆ ಹೋಗಗೊಡಲಿಲ್ಲ. ದೊಡ್ಡಪ್ಪಂದಿರು ದಿನಕ್ಕೊಬ್ಬರು ಬಂದು ಬುದ್ಧಿ ಹೇಳಿ, ಚಹಾ ಕುಡಿದು ಹೋದರು. ವಾರಗಳು ಹೀಗೇ ಉರುಳಿದವು. ನಾನು ಹಟ ಹಿಡಿದು ಕೂತಿದ್ದು ಒಂದೇ ಮಾತಿನ ಮೇಲೆ: "ನನ್ನ ಕೆಲಸ ಅಲ್ಲಿ ನನ್ನ ದಾರಿ ಕಾಯಾಕತ್ತೈತಿ."

ನಿನಗೂ ಫೋನಿನಲ್ಲಿ ಅದನ್ನೇ ಹೇಳಿದ್ದೆ. "ಸರ್‌ಗೆ ಹೇಳಪಾ. ಏನರ ಆಗ್ಲಿ, ನಾ ಬಂದ ಬರ್ತೀನಿ." ನೀನು "ಹೇಳ್ತೀನಕ್ಕಾ, ನೀ ಚಿಂತಿ ಮಾಡಬ್ಯಾಡ" ಅಂದೆ. ಅಂದವನು ಸರ್ ಕೋಣೆಗೆ ಹೋಗಿ ಹೇಳಿದ್ದೇನು? ಆ ಮಾತನ್ನು ಇವತ್ತಿಗೂ ನಾನು ಬಾಯಿಪಾಠ ಒಪ್ಪಿಸಬಲ್ಲೆ, ಯಾಕೆಂದರೆ ಸರ್ ಅದನ್ನು ಇದ್ದ ಹಾಗೇ ನನಗೆ ಹೇಳಿದರು:

"ಅಕ್ಕನ ಮದುವಿ ಗಟ್ಟಿ ಆತು ಸರ್. ಇನ್ನ ಬರಂಗಿಲ್ಲ. ಆ ಕೆಲಸ ನಾ ಮುಂದುವರಿಸ್ತೀನಿ."

ಮನೆಯವರ ಜೊತೆ ಜಗಳವಾಡಿ, ಒಂದು ಸಂಬಂಧ ಮುರಿದು, ಅವ್ವನ ಕಣ್ಣೀರು ದಾಟಿ, ಬ್ಯಾಗು ಹೆಗಲಿಗೇರಿಸಿ ನಾನು ಬಂದರೆ ಸರ್ ನಗುತ್ತ ಕೇಳಿದರು: "ಬಾರಮ್ಮ ಬಸಮ್ಮ, ಲಗ್ನಪತ್ರಿಕೆ ಕೊಡಾಕ ಬಂದೀಯೇನು?"

ಎರ್ರಿಸ್ವಾಮಿ, ಆಗ ನೀನು ಅಲ್ಲೇ ಪಕ್ಕದಲ್ಲಿ ನಿಂತಿದ್ದೆ. ನಿನ್ನ ಕಣ್ಣು ನೆಲ ಬಿಟ್ಟು ಏಳಲಿಲ್ಲ.

ಸರ್‌ಗೆ ನಿಜ ತಿಳಿದ ಮೇಲೂ ಏನೂ ಆಗಲಿಲ್ಲ. "ಆಗಿದ್ದಾತು. ಅವ್ನು ಸುರು ಮಾಡ್ಯಾನ, ಮ್ಯಾಲೆ ವರದಿನೂ ಹೋಗೇತಿ. ನೀ ಹಳ್ಳಿ ಬೋರಿನ ನೀರಾಗ ಫ್ಲೋರೈಡ್ ನೋಡು, ಅದೂ ಚಲೋ ವಿಷಯ" ಎಂದರು. ನನ್ನ ಬ್ಲಾಂಕ್ ರೀಡಿಂಗುಗಳು — ಏನೂ ಬೆರೆಸದೆ, ಬರೀ ಅಸಿಟೋನ್ ಮತ್ತು ಭಾರಜಲ ಎಷ್ಟು ನಿಧಾನ ಎಂದು ತೋರಿಸುವ ಅಳತೆಗಳು, ನಾನು ಬೆವರಿಳಿಸಿಕೊಂಡು ಕೂಲರ್ ಆರಿಸಿ ತೆಗೆದವು — ಅವೂ ನಿನ್ನವಾಗಿದ್ದವು. ಸರ್ ಕೇಳಿದಾಗ "ನಾನs ತಗದೀನಿ ಸರ್" ಅಂದಿದ್ದೆಯಂತೆ. ಹೊರಗೆ ವರಾಂಡದಲ್ಲಿ ನಿನ್ನನ್ನು ಹಿಡಿದು ನಿಲ್ಲಿಸಿ ಕೇಳಿದರೆ, "ಅಕ್ಕಾ, ನೀ ಬರಂಗಿಲ್ಲ ಅಂದ್ಕಂಡೆ" ಅಂದೆ. ಅಂದ್ಕಂಡೆಯಾ? ಹಿಂದಿನ ವಾರ ತಾನೇ ಬರುತ್ತೇನೆಂದು ಬಾಯಿಬಿಟ್ಟು ಹೇಳಿದ್ದೆ.

ನಾನು ಅಳಲಿಲ್ಲ. ನನ್ನ ಸ್ವಭಾವ ಹಾಗಿಲ್ಲ. ಹಲ್ಲು ಕಚ್ಚಿ ಬೋರಿನ ನೀರಿನ ಕ್ಯಾನುಗಳನ್ನು ಹೊತ್ತು ತಂದು ನಿನ್ನ ಎದುರಿನ ಮೇಜಿನಲ್ಲೇ ಕೆಲಸ ಶುರು ಮಾಡಿದೆ. ಒಂದು ದಿನ ಇವನು ನನ್ನ ಕೈಗೆ ಸಿಕ್ಕೇ ಸಿಗುತ್ತಾನೆ ಎಂದು ಒಳಗೊಳಗೇ ಅಂದುಕೊಳ್ಳುತ್ತಿದ್ದೆ. ಊಟ ಮಾಡುವಾಗ, ಬಟ್ಟೆ ಒಗೆಯುವಾಗ, ಹಾಸ್ಟೆಲ್ಲಿನ ಗೆಳತಿಯರು ಹರಟುತ್ತಿರುವಾಗ ಅದೇ ಜಪ. ಹೊಟ್ಟೆಯುರಿ ಎನ್ನುತ್ತೇವಲ್ಲ, ನನಗೆ ನಿಜಕ್ಕೂ ಹೊಟ್ಟೆಯಲ್ಲಿ ಉರಿಯುತ್ತಿತ್ತು. ಡಾಕ್ಟರು ಅಸಿಡಿಟಿ ಎಂದು ಮಾತ್ರೆ ಬರೆದುಕೊಟ್ಟರು.

ಬೇಸಿಗೆ ಬಂತು. ನೀನು ಸಿರುಗುಪ್ಪದ ರೈಸ್‌ಮಿಲ್ಲಿನಿಂದ ಹೊಟ್ಟಿನ ಬೂದಿ ತಂದೆ. ನಿಮ್ಮಪ್ಪ ಕೆಲಸ ಮಾಡುತ್ತಿದ್ದ ಮಿಲ್ಲು. ಅದನ್ನು ಆಮ್ಲದಲ್ಲಿ ಮತ್ತೆ ಮತ್ತೆ ತೊಳೆದು, ಕುಲುಮೆಯಲ್ಲಿ ಸುಟ್ಟು, ಹಾಲಿನ ಪುಡಿಯಷ್ಟು ಬಿಳಿ ಮಾಡಿದೆ. ಅದನ್ನು ಸೇರಿಸಿದರೆ ವಿನಿಮಯ ಚುರುಕಾಗಬಹುದು ಎಂಬುದು ನಿನ್ನ ಲೆಕ್ಕ. ಸತ್ಯ ಹೇಳುತ್ತೇನೆ, ಆ ಯೋಚನೆ ಚೆನ್ನಾಗಿತ್ತು. ನನಗೆ ಹೊಳೆದಿರಲಿಲ್ಲ. ಅದಕ್ಕೂ ಉರಿಯಿತು.

ಬೂದಿ ಇರುವುದರಿಂದ ಪ್ರತಿ ಸಲ ಅಳೆಯುವ ಮೊದಲು ಸೋಸಬೇಕಿತ್ತು. ಭಾರಜಲ ಸಿಗುವುದೇ ಕಷ್ಟ ಎಂದು, ಒಂದು ತೊಟ್ಟು ಯಂತ್ರಕ್ಕೆ ಕೊಟ್ಟು, ಸೋಸಿ ಉಳಿದದ್ದನ್ನು ನೀನು ಮತ್ತೆ ಅದೇ ಸೀಸೆಗೆ ಸುರಿಯುತ್ತಿದ್ದೆ. ನಮ್ಮಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು. ಗಾಜಿನ ಲಾಳಿಕೆಯಲ್ಲಿ ತೊಟ್ಟು ತೊಟ್ಟಾಗಿ ಇಳಿಯುವ ಆ ನೀರಿನ ಪಕ್ಕದಲ್ಲಿ ನೀನು ಬೆವರು ಸುರಿಸುತ್ತ ಕಾಯುತ್ತಿದ್ದೆ. ಒಂದು ಮಧ್ಯಾಹ್ನ ನಿನಗೆ ತಡೆಯಲಿಲ್ಲ. ತಲೆ ಎತ್ತಿ ಕೇಳಿದೆ:

"ಅಕ್ಕಾ, ಹ್ವಾದ ವರ್ಷ ಕೂಲರ್ ಬ್ಯಾಡ ಅಂತಿದ್ದಿ. ಈಗ ಹಾಕ್ಕಂಡ್ರ ಏನರ ಅಡ್ಡಿ ಐತೇನು?"

ಆಹಾ, ಎಂಥ ಪ್ರಶ್ನೆ! ನಾನು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ಅದು ತಾನಾಗಿಯೇ ನನ್ನ ಮೇಜಿನ ಮುಂದೆ ಬಂದು ನಿಂತಿತ್ತು. ನೀನು ನನ್ನ ಮೇಲೆ ನಂಬಿಕೆ ಇಟ್ಟು ಕೇಳಿದೆ, ಇದು ನನಗೆ ಆಗಲೂ ಅರ್ಥವಾಗಿತ್ತು. ನನಗೆ ಅಷ್ಟೆಲ್ಲ ಮಾಡಿದ ಮೇಲೂ, ಕೆಲಸದ ಮಾತು ಬಂದಾಗ ನಾನು ಸುಳ್ಳು ಹೇಳಲಾರೆ ಎಂದು ನೀನು ನಂಬಿದ್ದೆ. ಆ ನಂಬಿಕೆ ಕಂಡು ಮರುಕ ಬರಬೇಕಿತ್ತು. ಬರಲಿಲ್ಲ. ಇನ್ನಷ್ಟು ಸಿಟ್ಟು ಬಂತು.

"ಆವಾಗ ನನಗ ನೆಗಡಿ ಇತ್ತಪಾ, ಅದಕ್ಕ ಬ್ಯಾಡ ಅಂದಿದ್ದೆ. ಹಾಕ್ಕೋ. ಏನಾಗ್ತೈತಿ?"

ಇಷ್ಟೇ ನಾನು ಆಡಿದ್ದು. ದನಿಯಲ್ಲಿ ಒಂದಿಷ್ಟೂ ವ್ಯತ್ಯಾಸವಿರಲಿಲ್ಲ. ನೀನು ಎದ್ದು ಸ್ವಿಚ್ಚು ಹಾಕಿದೆ, ಅದು ಗೊರಗೊರ ಅಂತ ಶುರುವಾಯಿತು, ನೀನು "ಅಬ್ಬಾ" ಎಂದು ಅಂಗಿಯ ಕಾಲರು ಎತ್ತಿ ಗಾಳಿಗೆ ಮುಖ ಕೊಟ್ಟೆ. ನಾನು ನನ್ನ ಬೋರಿನ ನೀರಿಗೆ ತಲೆ ಬಗ್ಗಿಸಿದೆ.

ಮರುದಿನದಿಂದ ನೀನು ಬರುವ ಮೊದಲೇ ನಾನು ಬಂದು ಬಕೆಟ್ಟು ಹಿಡಿದು ಅದಕ್ಕೆ ನೀರು ತುಂಬುತ್ತಿದ್ದೆ. ಪ್ಯಾಡು ಒಣಗದಂತೆ ಕೈಯಿಂದ ನೀರು ಚಿಮುಕಿಸುತ್ತಿದ್ದೆ. ನೀನು ನೋಡಿ, "ನೀ ಯಾಕ ತ್ರಾಸ ತಗಂತಿ ಅಕ್ಕಾ" ಎಂದು ಕಣ್ಣಲ್ಲಿ ನೀರು ತಂದುಕೊಂಡೆ. ನಾನು ನಿನ್ನನ್ನು ಕ್ಷಮಿಸಿದೆ ಎಂದು ನೀನು ತಿಳಿದೆ, ಅಲ್ಲವಾ? ಮುಂದಿನ ವಾರವೇ ನಿಮ್ಮವ್ವ ಕಳಿಸಿದ ಹೊಸ ಸೋನಾ ಮಸೂರಿ ಅಕ್ಕಿಯ ಚೀಲ ತಂದುಕೊಟ್ಟೆ — "ಅಕ್ಕಗ ಕೊಡು ಅಂದಾಳ." ತಗೊಂಡೆ. ರೂಮಿನಲ್ಲಿ ಅನ್ನ ಮಾಡಿ, ಮೇಲೆ ತುಪ್ಪ ಹಾಕಿಕೊಂಡು ಉಂಡೆ. ಗಂಟಲಲ್ಲಿ ಸಿಕ್ಕಿಕೊಂಡಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಸಿಕ್ಕಿಕೊಳ್ಳಲಿಲ್ಲ. ಅನ್ನ ಮಲ್ಲಿಗೆಯಂತಿತ್ತು.

ಉಬ್ಬು ಏಳತೊಡಗಿತು. ಸೋಸಿದಷ್ಟೂ, ಮತ್ತೆ ಸುರಿದಷ್ಟೂ ತೇವ ಸೇರಿ ಸೇರಿ ಏಳುತ್ತಲೇ ಹೋಯಿತು. ಬೂದಿ ಹಾಕಿದರೆ ವಿನಿಮಯ ನಾಗಾಲೋಟ! ಬೂದಿ ಇಲ್ಲದ ಬ್ಲಾಂಕಿಗೆ ಹೋಲಿಸಿದರೆ ಎಲ್ಲಿಂದೆಲ್ಲಿಗೆ! ಆ ಬ್ಲಾಂಕು ನನ್ನದು, ಕೂಲರಿಲ್ಲದ ಒಣ ಗಾಳಿಯದು, ಸೋಸದೆ ಮಾಡಿದ್ದು. ಎರಡನ್ನೂ ಪಕ್ಕಪಕ್ಕ ಇಡುವುದೇ ತಪ್ಪು. ನೀನು ಹೊಸದಾಗಿ ನಿನ್ನದೇ ಬ್ಲಾಂಕ್ ತೆಗೆದಿದ್ದರೆ ಒಂದೇ ದಿನದಲ್ಲಿ ಎಲ್ಲ ಬಯಲಾಗುತ್ತಿತ್ತು. ನಿನಗೂ ಒಂದು ಸಲ ಹಾಗೆ ಅನ್ನಿಸಿತ್ತು. ಆದರೆ ಹೇಗೆ ತೆಗೆಯುತ್ತೀಯ? "ನೀನs ತಗದೀನಿ ಅಂದಿದ್ದೆಲ್ಲೋ, ಮತ್ತ ಯಾಕ ಹೆವಿ ವಾಟರ್ ದಂಡ ಮಾಡ್ತಿ" ಎಂದು ಸರ್ ಕೇಳುತ್ತಾರೆ. ನಿನ್ನ ಕಳ್ಳತನವೇ ನಿನ್ನ ಕೈ ಕಟ್ಟಿಹಾಕಿತು. ಇದನ್ನು ಎದುರಿನ ಮೇಜಿನಲ್ಲಿ ಕೂತು ನೋಡುವುದು ನನಗೆ ಎಂಥ ಸುಖ ಕೊಟ್ಟಿತೆಂದು ಹೇಳಲಾರೆ. ಹೇಳಬಲ್ಲೆ, ನಾಚಿಕೆ ಅಷ್ಟೇ.

ನೀರಿಗೆ ಹೈಡ್ರೋಜನ್ ಬಂದಿದೆ ಎಂದರೆ ಅಸಿಟೋನಿಗೆ ಡ್ಯೂಟೀರಿಯಂ ಹೋಗಿರಬೇಕಲ್ಲ, ಅದನ್ನೊಮ್ಮೆ ನೋಡಿ ಎಂದು ಯಾರಾದರೂ ಕೇಳಬೇಕಿತ್ತು. ಸರ್ ಕೇಳಲಿಲ್ಲ, ಅವರಿಗೆ ಅವಸರ. ಸಿರುಗುಪ್ಪದ ಬೂದಿ, ಬಳ್ಳಾರಿಯ ಹೆಸರು, ಊರೂರಲ್ಲಿ ಭಾಷಣ. ನಾನು ಕೇಳಬಹುದಿತ್ತು. ನಾಲಗೆಯ ತುದಿಗೂ ಬಂದಿತ್ತು, ನುಂಗಿದೆ.

ನಿನ್ನ ಲೇಖನ ಅಚ್ಚಾಯಿತು. ಸಿಹಿ ಹಂಚಿದೆ. ಮೊದಲ ಪೇಡೆ ನನಗೆ.

ಆಮೇಲೆ ಆಗಬೇಕಾದದ್ದು ಆಯಿತು. ಹೊರಗಿನ ದೊಡ್ಡ ಪ್ರಯೋಗಾಲಯದವರು ನಿನ್ನ ಬೂದಿ ತರಿಸಿಕೊಂಡು, ಒಣ ಗಾಳಿ ತುಂಬಿದ ಗಾಜಿನ ಪೆಟ್ಟಿಗೆಯೊಳಗೆ ಅದೇ ಪ್ರಯೋಗ ಮಾಡಿ, ಏನೂ ಆಗುವುದಿಲ್ಲ ಎಂದು ತಿಳಿಸಿದರು. ಸರ್ ಉರಿದುಹೋದರು. "ನನ್ನ ಎದುರಿಗೆ ಮಾಡಿ ತೋರಿಸು" ಎಂದರು. ಆಗ ಚಳಿಗಾಲ, ಕೂಲರ್ ಗೋಣಿಚೀಲ ಹೊದ್ದು ಮೂಲೆ ಸೇರಿತ್ತು. ನೀನು ಅದೇ ಕೈಯಿಂದ, ಅದೇ ಬೂದಿಯಿಂದ, ಅಷ್ಟೇ ಶ್ರದ್ಧೆಯಿಂದ ಮಾಡಿದೆ. ಗೆರೆ ಮಟ್ಟಸ. ಮತ್ತೆ ಮಾಡಿದೆ. ಮಟ್ಟಸ. ಇಡೀ ವಿಭಾಗ ಬಾಗಿಲಲ್ಲಿ ನಿಂತಿತ್ತು.

"ಅಂಕಿ ತಿದ್ದೀಯೇನಲೇ?" ಸರ್ ಕೇಳಿದರು.

"ಇಲ್ಲ ಸರ್. ನಮ್ಮವ್ವನ ಆಣಿ, ಇಲ್ಲ ಸರ್."

"ಹಂಗಾರ ಇದೇನು? ಹ್ವಾದ ಬ್ಯಾಸಗಿ ಬಂದಿದ್ದು ಈಗ್ಯಾಕ ಬರವಲ್ದು?"

ನೀನು ನನ್ನ ಕಡೆ ತಿರುಗಿದೆ. ಆರೋಪವೇನೂ ಇರಲಿಲ್ಲ ಆ ನೋಟದಲ್ಲಿ. ಸೆಲ್ ತೊಳೆಯುವುದು ಗೊತ್ತಾಗದೆ ಹೋದಾಗ ಮೊದಮೊದಲು ನೋಡುತ್ತಿದ್ದೆಯಲ್ಲ, ಹಾಗೇ — ಅಕ್ಕಾ, ಎಲ್ಲಿ ತಪ್ಪಿದೆ? ನಾನು ಒಂದು ಮಾತು ಆಡಿದ್ದರೆ ಸಾಕಿತ್ತು. ಕೂಲರ್ ಎಂಬ ಒಂದೇ ಮಾತು. ಅದನ್ನು ಆಡಿದ್ದರೆ ನೀನು ಅಜಾಗರೂಕ ಅನ್ನಿಸಿಕೊಳ್ಳುತ್ತಿದ್ದೆ, ಸುಳ್ಳ ಅನ್ನಿಸಿಕೊಳ್ಳುತ್ತಿರಲಿಲ್ಲ. ನಾನು ನಲ್ಲಿ ತಿರುಗಿಸಿ, ತೊಳೆದಿದ್ದ ಬೀಕರನ್ನೇ ಮತ್ತೆ ತೊಳೆದೆ.

ಹಾಲು ಕುಡಿದಷ್ಟು ಸಂತೋಷವಾಯಿತು ನನಗೆ. ಆ ದಿನ ಸಂಜೆ ಬಳ್ಳಾರಿ ಬಸ್‌ಸ್ಟ್ಯಾಂಡಿನವರೆಗೆ ಸುಮ್ಮನೆ ನಡೆದುಕೊಂಡು ಹೋಗಿ, ಒಂದು ಪ್ಲೇಟ್ ಮಿರ್ಚಿ ತಿಂದು, ನಡೆದುಕೊಂಡೇ ವಾಪಸು ಬಂದೆ. ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಲಗ್ನಪತ್ರಿಕೆ ಕೇಳಿದರಲ್ಲ — ಈಗ ನೋಡು, ನಿನ್ನ ಮೆರವಣಿಗೆ ಎಂದುಕೊಂಡೆ.

ನಿನ್ನ ಪಿಎಚ್‌ಡಿ ನಿಂತಿತು. ಲೇಖನವನ್ನು ಸರ್ ವಾಪಸು ಪಡೆದು, ತಪ್ಪೆಲ್ಲ ವಿದ್ಯಾರ್ಥಿಯದು ಎಂದು ಹೇಳಿಕೊಂಡರು. ನೀನು ಸಿರುಗುಪ್ಪಕ್ಕೆ ಹೊರಟುಹೋದೆ. ವಿಷಯ ನನ್ನ ಕೈಗೆ ಮರಳಿ ಬಂತು. ಬೇರೆ ದ್ರವಗಳನ್ನು ತಗೊಂಡು, ಕೂಲರ್ ಆರಿಸಿ, ಬಾಗಿಲು ಹಾಕಿ, ಶುದ್ಧವಾಗಿ ಅಳೆದು ಮುಗಿಸಿದೆ. ಡಾಕ್ಟರ್ ಬಸಮ್ಮ ಆದೆ. ಇದೇ ಊರಿನ ಕಾಲೇಜಿನಲ್ಲಿ ಕೆಲಸ ಸಿಕ್ಕಿತು.

ಇನ್ನೊಂದು ಮಾತು ಹೇಳಬೇಕು, ಇದನ್ನು ಹೇಳದಿದ್ದರೆ ಉಳಿದದ್ದೆಲ್ಲ ಅರ್ಧ. ಕೂಲರಿನ ಗಾಳಿಯ ವಿಚಾರ ನಾನು ಕಂಡುಹಿಡಿದದ್ದು, ನಮ್ಮಂಥ ಊರುಗಳ ಪ್ರಯೋಗಾಲಯಗಳಿಗೆಲ್ಲ ಬೇಕಾದ ಎಚ್ಚರಿಕೆ. ಬರೆದಿದ್ದರೆ ನನಗೆ ಹೆಸರು ಬರುತ್ತಿತ್ತು. ಬರೆಯಲಿಲ್ಲ. ಬರೆದರೆ ನೀನು ಓದುತ್ತಿದ್ದೆ, ಸರ್ ಓದುತ್ತಿದ್ದರು, ನಿನ್ನ ಉಬ್ಬು ಎಲ್ಲಿಂದ ಬಂತೆಂದು ತಿಳಿದುಬಿಡುತ್ತಿತ್ತು. ನೀನು ಉಳಿದುಬಿಡುತ್ತಿದ್ದೆ. ನೀನು ಉಳಿಯುವುದು ನನಗೆ ಬೇಡವಾಗಿತ್ತು — ನನ್ನ ಹೆಸರಿಗಿಂತ ನಿನ್ನ ಕತ್ತಲೆ ನನಗೆ ಹೆಚ್ಚು ಬೇಕಾಗಿತ್ತು. ಸಿಟ್ಟಿನಲ್ಲಿ ಒಂದು ಮಾತು ಸುಳ್ಳಾಡಿದೆ ಎಂದರೆ ಯಾರಾದರೂ ಒಪ್ಪಿಯಾರು. ಇದು ಸಿಟ್ಟಲ್ಲ. ವರ್ಷಗಟ್ಟಲೆ ತಂಪು ತಲೆಯಲ್ಲಿ, ಸಂಬಳ ಎಣಿಸಿಕೊಂಡು, ಹಬ್ಬ ಮಾಡಿಕೊಂಡು ಇಟ್ಟುಕೊಂಡದ್ದು.

ನೀನು ಮಿಲ್ಲಿನಲ್ಲಿ ನೆಲ್ಲಿನ ತೇವ ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದೆ ಎಂದು ಯಾರೋ ಹೇಳಿದರು. ಲಾರಿ ಬಂದಾಗ ಚೀಲಕ್ಕೆ ಕೊಳವೆ ಚುಚ್ಚಿ ನೆಲ್ಲು ತೆಗೆದು, ಯಂತ್ರಕ್ಕೆ ಹಾಕಿ, ಎಷ್ಟು ಒದ್ದೆ ಎಂದು ಹೇಳುವುದು. ತೇವದಿಂದಲೇ ಹಾಳಾದವನು ತೇವ ಅಳೆದುಕೊಂಡು ಕೂತಿದ್ದಾನೆ ಎಂದು ನಾನು ನಕ್ಕೆ. ಮನೆಯಲ್ಲಿ ಒಬ್ಬಳೇ ಇದ್ದೆ, ಜೋರಾಗಿ ನಕ್ಕೆ. ನಗು ಮುಗಿದ ಮೇಲೆ ಮಾಡಲು ಏನೂ ಉಳಿದಿರಲಿಲ್ಲ, ಕೂತೇ ಇದ್ದೆ.

ಈಗ ನಮ್ಮ ಕಾಲೇಜಿಗೆ ಹೊಸ ಇನ್ಫ್ರಾರೆಡ್ ಯಂತ್ರ ಬಂದಿದೆ. ಅದನ್ನು ನಡೆಸಲು ಒಬ್ಬರು ಬೇಕು. ಬಂದ ಅರ್ಜಿಗಳಲ್ಲಿ ನಿನ್ನದೂ ಇತ್ತು. ಕೆಲಸ ಗೊತ್ತಿರುವವನು ಅವರಲ್ಲಿ ನೀನೊಬ್ಬನೇ, ಇದು ಹತ್ತು ನಿಮಿಷದ ಸಂದರ್ಶನದಲ್ಲಿ ಎಲ್ಲರಿಗೂ ತಿಳಿಯಿತು. ನೀನು ಹೊರಗೆ ಹೋದ ಮೇಲೆ, ತಜ್ಞರೆಂದು ಬಂದು ಕೂತಿದ್ದ ನಮ್ಮ ಸರ್ ಕೆಮ್ಮಿ ಹೇಳಿದರು: "ಹುಡುಗ ಚುರುಕs. ಆದ್ರ ಅಂಕಿ ತಿದ್ದಿದಾವ." ಪ್ರಿನ್ಸಿಪಾಲರು ನನ್ನತ್ತ ತಿರುಗಿದರು. "ಮೇಡಂ, ನೀವೂ ಅಲ್ಲೇ ಇದ್ರಂತಲ್ರಿ, ಖರೇನಾ?"

ನಾನು ಏನೆಂದೆ ಗೊತ್ತೇ? "ಭಾಳ ವರ್ಷ ಆತ್ರಿ, ನನಗ ಸರಿಯಾಗಿ ನೆನಪಿಲ್ಲ."

ನೆನಪಿಲ್ಲವಂತೆ! ಕೂಲರಿನ ಪ್ಯಾಡಿನ ವಾಸನೆ ಇವತ್ತಿಗೂ ಮೂಗಿನಲ್ಲಿರುವವಳಿಗೆ.

ತೀರ್ಮಾನ ಮುಂದಕ್ಕೆ ಹೋಯಿತು. ಮರುದಿನ ನಾನು ಸರ್ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು "ಮುಗಿದ ಕಥಿ ಬಸಮ್ಮ. ನೀ ಇದನ್ನ ಹೊರಗ ಹಾಕಿದ್ರ ನಿನ್ನ ನೌಕರಿಗೂ ಕುತ್ತು, ನನ್ನ ಮರ್ಯಾದಿಗೂ ಕುತ್ತು. ಅಂವ ಮಿಲ್ಲಿನ್ಯಾಗ ಆರಾಮ ಅದಾನ, ಬಿಡು" ಎಂದರು. ಎದ್ದು ಬಂದೆ. ಅವರಿಗೆ ನಾನೇನು ಬುದ್ಧಿ ಹೇಳಲಿ? ಅವರು ಹೇಳಿದ್ದನ್ನೇ ಇಷ್ಟು ವರ್ಷ ನನಗೆ ನಾನು ಹೇಳಿಕೊಂಡಿದ್ದೆ.

ಸಮಿತಿ ಮತ್ತೆ ಕೂಡುತ್ತದೆ. ಅಷ್ಟರಲ್ಲಿ ಇದು ನಿನ್ನ ಕೈಯಲ್ಲಿರಬೇಕು ಎಂದು ಬರೆಯುತ್ತಿದ್ದೇನೆ. ಅವತ್ತು ಇದನ್ನು ಅವರ ಮುಂದೆಯೂ ಇಡುತ್ತೇನೆ; ಬೇಕಾದರೆ ಭಾರಜಲ, ಬೂದಿ ಎಲ್ಲ ತರಿಸಿ ಅವರ ಕಣ್ಣೆದುರೇ ಮಾಡಿ ತೋರಿಸುತ್ತೇನೆ. ನನ್ನ ನೌಕರಿ ಇರುತ್ತದೋ ಹೋಗುತ್ತದೋ, ಅದು ಅವರಿಗೆ ಬಿಟ್ಟದ್ದು.

ನಿನ್ನ ಕ್ಷಮೆ ಕೇಳುತ್ತಿಲ್ಲ. ಕೇಳಲು ನನಗೆ ಮುಖವಿಲ್ಲ ಎಂದಷ್ಟೇ ಅಲ್ಲ — ಕುರುಗೋಡಿನಿಂದ ಬಂದ ಆ ದಿನದ್ದನ್ನು ನಾನೂ ನಿನಗೆ ಕ್ಷಮಿಸಿಲ್ಲ. ಈಗಲೂ ನೆನೆದರೆ ಮೈ ಕಾಯುತ್ತದೆ. ಆದರೆ ನೀನು ನನ್ನಿಂದ ಕಿತ್ತುಕೊಂಡದ್ದು ಒಂದು ವಿಷಯ. ನನಗೆ ಅದು ತಿರುಗಿ ಸಿಕ್ಕಿತು. ನಾನು ಕಿತ್ತುಕೊಂಡದ್ದು ನಿನ್ನ ಕೈ ಮೇಲೆ ನಿನಗಿದ್ದ ನಂಬಿಕೆಯನ್ನು. ಅದನ್ನು ಯಾವ ಸಮಿತಿ ತಿರುಗಿ ಕೊಡುತ್ತದೋ ನನಗೆ ತಿಳಿಯದು.

ಸಂದರ್ಶನದ ದಿನ ನಾನು ಹೊರಗೆ ಬಂದಾಗ ನೀನು ಗೇಟಿನ ಹತ್ತಿರ ಬೇವಿನ ಮರದ ಕೆಳಗೆ ನಿಂತಿದ್ದೆ, ಸಿರುಗುಪ್ಪದ ಬಸ್ಸಿಗೆ ಹೊತ್ತಾದರೂ ಹೋಗಿರಲಿಲ್ಲ. ತಲೆ ಅರ್ಧ ನರೆತಿತ್ತು. ಕೆಲಸ ಸಿಗುತ್ತದೋ ಇಲ್ಲವೋ ಎಂದು ಕೇಳುತ್ತೀಯ ಎಂದುಕೊಂಡಿದ್ದೆ. ಅದನ್ನು ಕೇಳಲಿಲ್ಲ. "ಅಕ್ಕಾ, ಒಂದು ಮಾತು. ನಾನs ಏನರ ತಿದ್ದಿ ಮರ್ತೀನೇನೋ ಅಂತ ಒಮ್ಮೊಮ್ಮಿ ನನಗs ಅನಸ್ತೈತಿ. ನೀನರ ನಂಬ್ತಿಯಲ್ಲ, ನಾ ತಿದ್ದಿಲ್ಲಂತ?" ಎಂದೆ.

ನಾನು "ಹ್ಞೂಂ, ನಂಬ್ತೀನಪಾ" ಎಂದು ಆಟೋ ಹತ್ತಿದೆ.

ನಂಬುವುದಲ್ಲ, ಎರ್ರಿಸ್ವಾಮಿ. ನನಗೆ ಗೊತ್ತಿತ್ತು.